ಚಿನ್ನಕ್ಕೆ ಹದಿನಾಲ್ಕು ವ್ಯಾಗನ್ ಸಾಕಿತ್ತು

ಕೋಲಾರದ ಚಿನ್ನದ ಗಣಿಗಳು ಸುಮಾರು 120 ವರ್ಷ ನಡೆದವು. ಅಷ್ಟು ಕಾಲದಲ್ಲಿ ಅಲ್ಲಿ ಸಿಕ್ಕ ಚಿನ್ನ ಹೆಚ್ಚುಕಡಿಮೆ 800 ಟನ್. ಇವತ್ತು ಅದಿರು, ಕಲ್ಲಿದ್ದಲು ಹೊತ್ತು ಓಡಾಡುವ ಒಂದು ಸಾಧಾರಣ ವ್ಯಾಗನ್ 58 ಟನ್ನಿನ ಆಸುಪಾಸು ಭಾರ ತಾಳುತ್ತದೆ. ಭಾಗಿಸಿದರೆ 14 ವ್ಯಾಗನ್. ಒಂದು ಪೂರ್ತಿ ಗೂಡ್ಸ್ ರೈಲಿನ ಕಾಲು ಭಾಗವೂ ತುಂಬುವುದಿಲ್ಲ. ಸಾವಿರಾರು ಜನ ತಲೆಮಾರುಗಟ್ಟಲೆ ನೆಲದೊಳಗೆ ಇಳಿದು, ಎಷ್ಟೋ ಜನ ಮೇಲೆ ಬಾರದೆ ಹೋಗಿ, ಒಂದು ಸಂಸ್ಥಾನದ ಬೊಕ್ಕಸವನ್ನೂ ಲಂಡನ್ನಿನ ಷೇರುದಾರರ ಜೇಬನ್ನೂ ತುಂಬಿಸಿದ ಸಂಪತ್ತು ರೈಲಿನ ಲೆಕ್ಕದಲ್ಲಿ ಒಂದು ಟ್ರಿಪ್ಪಿಗೂ ಕಡಿಮೆ.

ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ಬಂಗಾರಪೇಟೆ–ಮಾರಿಕುಪ್ಪಂ ಮಾರ್ಗವನ್ನು ನಾನು ನೋಡುವ ರೀತಿಯೇ ಬದಲಾಯಿತು. ಕೇವಲ 16 ಕಿ.ಮೀ. ಉದ್ದದ ಕವಲು ಮಾರ್ಗ ಅದು. ಅದರ ಬಗ್ಗೆ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಚಿನ್ನ ಸಾಗಿಸಲು ಬ್ರಿಟಿಷರು ಹಾಕಿದ ಹಳಿ. ಈ ಮಾತಿನಲ್ಲಿ ಎರಡು ತಪ್ಪಿವೆ. ಹಳಿ ಹಾಕಿಸಿದ್ದು ಮೈಸೂರು ಸಂಸ್ಥಾನ, ಅದರ ಒಡೆತನವೂ ಸಂಸ್ಥಾನದ್ದೇ; ಮದ್ರಾಸ್ ರೈಲ್ವೆ ಕಂಪನಿ ಅದರ ಮೇಲೆ ಗಾಡಿ ಓಡಿಸುತ್ತಿತ್ತು. ಇನ್ನು ಚಿನ್ನದ ವಿಷಯ. ಚಿನ್ನಕ್ಕೆ ಹಳಿಯೇ ಬೇಕಿರಲಿಲ್ಲ. ಒಂದು ಗಟ್ಟಿಮುಟ್ಟಾದ ಪೆಟ್ಟಿಗೆ, ಒಂದು ಜಟಕಾ, ಬಂದೂಕು ಹಿಡಿದ ನಾಲ್ಕು ಜನ ಸಾಕಿತ್ತು.

ಹಳಿ ಬೇಕಾದದ್ದು ಒಳಗೆ ಬರುವ ಸರಕಿಗೆ. ಕಲ್ಲು ಕುಟ್ಟುವ ಸ್ಟ್ಯಾಂಪ್ ಗಿರಣಿಗಳು, ನೀರೆತ್ತುವ ಪಂಪುಗಳು, ಬಾಯ್ಲರ್‌ಗಳು, ಜನರನ್ನೂ ಅದಿರನ್ನೂ ಮೇಲೆಳೆಯುವ ಉಗಿಯಂತ್ರಗಳು, ಆ ಯಂತ್ರಗಳ ಹೊಟ್ಟೆಗೆ ಕಲ್ಲಿದ್ದಲು, ಸುರಂಗದ ಸೂರಿಗೆ ಆಸರೆ ಕೊಡುವ ಮರದ ದಿಮ್ಮಿಗಳು, ಪಾದರಸ, ಸಿಡಿಮದ್ದು, ಆಮೇಲೆ ಸೈನೈಡ್. ಇವೆಲ್ಲಕ್ಕಿಂತ ಹೆಚ್ಚಾಗಿ ಅಕ್ಕಿ ಮತ್ತು ಮನುಷ್ಯರು. ಮಳೆ ಕಡಿಮೆ, ಮರ ಕಡಿಮೆ, ಜನವೂ ಕಡಿಮೆ ಇದ್ದ ಬಯಲಿನಲ್ಲಿ ದೊಡ್ಡದೊಂದು ಕೈಗಾರಿಕಾ ಪಟ್ಟಣ ಕಟ್ಟಬೇಕಾದರೆ ಪ್ರತಿಯೊಂದನ್ನೂ ಹೊರಗಿನಿಂದಲೇ ತರಬೇಕಿತ್ತು.

ಗಣಿ ಶುರುವಾದ ಕಥೆ ಬಹಳ ಜನರಿಗೆ ಗೊತ್ತಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. 1802ರಲ್ಲಿ ಸರ್ವೆಗೆ ಬಂದ ಜಾನ್ ವಾರನ್ ಎಂಬ ಸೈನ್ಯಾಧಿಕಾರಿ ಇಲ್ಲಿನ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡ. 1870ರ ದಶಕದಲ್ಲಿ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದ, ಕೈಯಲ್ಲಿ ಹಣ ಸಾಲದೆ ಅದನ್ನು ಬೇರೆಯವರಿಗೆ ದಾಟಿಸಿದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಗಣಿ ಕಂಪನಿ ಬಂತು. ಮೊದಲ ಕೆಲವು ವರ್ಷ ಕಲ್ಲು ಮಾತ್ರ ಸಿಕ್ಕಿ ಷೇರುದಾರರು ತಾಳ್ಮೆಗೆಟ್ಟಿದ್ದಾಗ ಚಾಂಪಿಯನ್ ಅದಿರಿನ ಪದರ ಕೈಗೆ ಹತ್ತಿತು. ಅಲ್ಲಿಂದ ಮುಂದೆ ಹಿಂದೆ ನೋಡಲಿಲ್ಲ.

ರೈಲಿನ ಕಥೆಗೆ ಮುಖ್ಯವಾದ ವರ್ಷ ಇದಕ್ಕಿಂತ ಹಿಂದಿನದು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ ಮದ್ರಾಸ್ ರೈಲ್ವೆಯ ಹಳಿ ಬಂತು. ಗಣಿಯ ಕನಸೂ ಯಾರಿಗೂ ಇರದಿದ್ದ ಕಾಲ. ಆ ದಾರಿಯಲ್ಲಿ ಬೆಳೆದ ಪೇಟೆಗೆ ಆಗಿನ ಕಮಿಷನರ್ ಲೂಯಿನ್ ಬೌರಿಂಗ್ ಅವರ ಹೆಸರಿಟ್ಟರು. ಬೌರಿಂಗ್‌ಪೇಟೆ ಕಾಲಕ್ರಮದಲ್ಲಿ ಬಂಗಾರಪೇಟೆಯಾಯಿತು. ಹಾಗಾಗಿ ಚಿನ್ನ ಸಿಕ್ಕಾಗ ಸಮುದ್ರ ಬಂದರಿಗೆ ನೇರ ಸಂಪರ್ಕವಿದ್ದ ಮುಖ್ಯ ಮಾರ್ಗ ಹತ್ತು ಮೈಲಿಯ ಆಚೆ ಸಿದ್ಧವಾಗಿ ಕೂತಿತ್ತು. ಆ ಹತ್ತು ಮೈಲಿ ಮಾತ್ರ ಎತ್ತಿನ ಗಾಡಿಯ ದಾರಿ. ಮದ್ರಾಸಿನ ಬಂದರಿನಿಂದ ರೈಲಿನಲ್ಲಿ ಸುಖವಾಗಿ ಬಂದ ಬಾಯ್ಲರನ್ನು ಬೌರಿಂಗ್‌ಪೇಟೆಯಲ್ಲಿ ಇಳಿಸಿ ಗಾಡಿಗೆ ಹೇರಿ, ಮಳೆಗಾಲದ ಕೆಸರಿನಲ್ಲಿ ಎಳೆಸುವುದು ಎಂದರೆ ಏನು ಎಂದು ಊಹಿಸಿಕೊಳ್ಳಬಹುದು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಆ ಹತ್ತು ಮೈಲಿಗೂ ಹಳಿ ಬಿತ್ತು. ಸಂಸ್ಥಾನಕ್ಕೆ ಗಣಿಗಳಿಂದ ರಾಯಧನ ಬರುತ್ತಿತ್ತು. ಗಣಿ ಬೇಗ ಬೆಳೆದಷ್ಟೂ ಬೊಕ್ಕಸಕ್ಕೆ ಲಾಭ. ಹೀಗಾಗಿ ಈ ಖರ್ಚನ್ನು ಸಂಸ್ಥಾನ ಹೂಡಿಕೆಯಾಗಿಯೇ ಕಂಡಿರಬೇಕು. ಮೈಸೂರಿನ ಇತರ ಮಾರ್ಗಗಳು ಕಿರಿದಾದ ಮೀಟರ್‌ಗೇಜಿನಲ್ಲಿದ್ದರೆ ಇದು ಮಾತ್ರ ಮದ್ರಾಸಿನ ಮುಖ್ಯ ಮಾರ್ಗದಂತೆ ಅಗಲ ಹಳಿಯ ಬ್ರಾಡ್‌ಗೇಜ್. ಕಾರಣ ಸರಳ: ಬಂದರಿನಲ್ಲಿ ತುಂಬಿದ ವ್ಯಾಗನ್ ಎಲ್ಲಿಯೂ ಸರಕು ಇಳಿಸಿ ಏರಿಸದೆ ನೇರವಾಗಿ ಗಣಿಯ ಹತ್ತಿರಕ್ಕೆ ಬರಬೇಕಿತ್ತು. ಆ ನಿರ್ಧಾರದ ಫಲವನ್ನು ನೂರು ವರ್ಷಗಳ ನಂತರ ಯಾರು ಉಣ್ಣುತ್ತಾರೆ ಎಂಬುದು ಆಗ ಯಾರ ಊಹೆಯಲ್ಲೂ ಇದ್ದಿರಲಾರದು.

ಜನಗಣತಿಯ ಎರಡು ಸಂಖ್ಯೆಗಳು ಸಾಕು. 1891ರಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಇದ್ದವರು ಸುಮಾರು 7 ಸಾವಿರ ಜನ. 1901ರಲ್ಲಿ 38 ಸಾವಿರ. ನಡುವೆ ರೈಲು ಬಂದಿತ್ತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಕಡೆಯಿಂದ, ಬಹುಪಾಲು ದಲಿತ ಕುಟುಂಬಗಳು, ಜೋಲಾರಪೇಟೆಯ ಮೂಲಕ ಬಂದು ಇಳಿದವು. ಊರಿನ ಜಮೀನ್ದಾರನ ಹಂಗಿಗಿಂತ ಗಣಿಯ ಕತ್ತಲೆ ಲೇಸು ಎಂದು ಬಂದವರು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರದ ಗಣಿಗಳಲ್ಲಿ ಪಳಗಿದವರು ಮೇಲ್ವಿಚಾರಕರಾಗಿ ಬಂದರು. ಇಬ್ಬರೂ ಇಳಿದದ್ದು ಅದೇ ಪ್ಲಾಟ್‌ಫಾರ್ಮಿನಲ್ಲಿ. ಅಲ್ಲಿಂದ ಒಬ್ಬರು ಬಂಗಲೆಯ ಕಡೆಗೆ, ಇನ್ನೊಬ್ಬರು ತಟ್ಟಿ ಗೋಡೆಯ ಸಾಲುಮನೆಗಳ ಕಡೆಗೆ ನಡೆದರು.

ನಿಲ್ದಾಣಗಳ ಸಾಲನ್ನು ನೋಡಿದರೆ ಈ ಮಾರ್ಗ ಯಾರಿಗಾಗಿ ಹುಟ್ಟಿತು ಎನ್ನುವುದಕ್ಕೆ ಬೇರೆ ದಾಖಲೆ ಬೇಡ. ಬಂಗಾರಪೇಟೆ ಬಿಟ್ಟ ಮೇಲೆ ಬೆಮಲ್ ನಗರ, ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಹಾಸನದ ಕಡೆಯೋ ಹಾವೇರಿಯ ಕಡೆಯೋ ಹತ್ತು ಹದಿನೈದು ಕಿ.ಮೀ.ಗೊಂದು ನಿಲ್ದಾಣ ಇದ್ದರೆ ಇಲ್ಲಿ ಬಂಗಾರಪೇಟೆಯನ್ನೂ ಸೇರಿಸಿ 16 ಕಿ.ಮೀ.ನಲ್ಲಿ ಆರು. ಬೇರೆ ಬೇರೆ ಕಂಪನಿಗಳು ಒಂದೇ ಅದಿರಿನ ಪಟ್ಟಿಯ ಮೇಲೆ ಅಕ್ಕಪಕ್ಕದಲ್ಲಿ ಕೂತಿದ್ದವು. ಪ್ರತಿಯೊಬ್ಬರ ಸರಕೂ ತಂತಮ್ಮ ಬಾಗಿಲ ಹತ್ತಿರವೇ ಇಳಿಯಬೇಕಿತ್ತು. ರೈಲು ಒಂದು ನಿಲ್ದಾಣದಿಂದ ಹೊರಟು ವೇಗ ಹಿಡಿಯುವ ಮೊದಲೇ ಮುಂದಿನದರ ಬ್ರೇಕು ಬೀಳುತ್ತದೆ. ಸಾಲಿನಲ್ಲಿ ಚಿಕ್ಕ ವಯಸ್ಸಿನದು ಬೆಮಲ್ ನಗರ. 1964ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ಉದ್ಯಮದ ಕಾರ್ಖಾನೆ ಅಲ್ಲಿ ಮಣ್ಣು ಅಗೆಯುವ ದೈತ್ಯ ಯಂತ್ರಗಳನ್ನು ಮಾಡುತ್ತದೆ. ಅದೇ ಸಂಸ್ಥೆಯ ಬೆಂಗಳೂರಿನ ಘಟಕ ರೈಲು ಬೋಗಿಗಳನ್ನು ತಯಾರಿಸುತ್ತದೆ. ನೆಲ ಅಗೆಯುವುದು ಮತ್ತು ರೈಲು, ಕೆಜಿಎಫ್‌ನ ಎರಡು ವಿದ್ಯೆಗಳೂ ಒಂದೇ ಸಂಸ್ಥೆಯ ಸೂರಿನಡಿ ಸೇರಿರುವುದು ನನಗೆ ಖುಷಿ ಕೊಡುವ ಕಾಕತಾಳೀಯ.

ಹಳಿಗೆ ಎಂಟು ವರ್ಷ ತುಂಬುವಷ್ಟರಲ್ಲಿ ಅದರ ಮುಖ್ಯ ಗಿರಾಕಿಗೆ ಪೆಟ್ಟು ಬಿತ್ತು. 1902ರ ಜೂನ್ 30ರಂದು ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿಯ ಮೇಲೆ ವಿದ್ಯುತ್ ಹರಿದು ಗಣಿಗೆ ಬಂತು. ಬೆಂಗಳೂರಿನ ಬೀದಿದೀಪಕ್ಕೂ ಮೂರು ವರ್ಷ ಮೊದಲು. ಉಗಿಯಂತ್ರಗಳು ಒಂದೊಂದಾಗಿ ಮೂಲೆ ಸೇರತೊಡಗಿದವು. ಕಲ್ಲಿದ್ದಲಿನ ಬೇಡಿಕೆ ಕುಗ್ಗಿತು. ಒಂದು ಮಾರ್ಗವನ್ನು ಕಟ್ಟಿಸಿದ ಸರಕೇ ಕಡಿಮೆಯಾಗುತ್ತಾ ಬಂದರೆ ಆ ಮಾರ್ಗ ಸೊರಗಬೇಕು. ಆದರೆ ಅಷ್ಟರಲ್ಲಿ ಪಟ್ಟಣ ಬೆಳೆದಿತ್ತು, ಅಕ್ಕಿ ಬೇಕಿತ್ತು, ಗಣಿ ಆಳವಾದಂತೆ ಉಕ್ಕು, ಮರ, ಯಂತ್ರ ಎಲ್ಲವೂ ಇನ್ನಷ್ಟು ಬೇಕಿತ್ತು. ತಮಾಷೆಯೆಂದರೆ, ಗಣಿಯೊಳಗೆ ವಿದ್ಯುತ್ ದೀಪ ಉರಿಯುತ್ತಿದ್ದ ಊರಿಗೆ ಜನ ಅನೇಕ ದಶಕ ಹೊಗೆಯುಗುಳುವ ಎಂಜಿನ್ನಿನ ಹಿಂದೆಯೇ ಕೂತು ಬಂದರು. ನೆಲದಡಿಗೆ ಬಂದ ಕರೆಂಟು ನೆಲದ ಮೇಲಿನ ಹಳಿಗೆ ಬರಲು ಗಣಿಯ ಸಂಜೆಗಾಲದವರೆಗೆ ಕಾಯಬೇಕಾಯಿತು.

ಅದಿರಿನ ಲೆಕ್ಕವನ್ನೂ ಇಲ್ಲಿ ಹೇಳಿಬಿಡುತ್ತೇನೆ. 800 ಟನ್ ಚಿನ್ನಕ್ಕಾಗಿ ಮೇಲೆತ್ತಿದ ಕಲ್ಲು ಸುಮಾರು 5.1 ಕೋಟಿ ಟನ್. ಟನ್ನಿಗೆ 16 ಗ್ರಾಂ ಕೂಡ ಬೀಳುವುದಿಲ್ಲ. ಅಷ್ಟನ್ನೂ ಹೊರಗೆ ಒಯ್ದು ಕುಟ್ಟಿದ್ದರೆ ಇವತ್ತಿನ ಗಾತ್ರದ 15 ಸಾವಿರ ಗೂಡ್ಸ್ ರೈಲುಗಳು ಈ ಹಳಿಯ ಮೇಲೆ ಓಡಬೇಕಿತ್ತು. ಬಳ್ಳಾರಿಯ ಕಬ್ಬಿಣದ ಅದಿರಿನ ಮಾರ್ಗಗಳ ಹಣೆಬರಹ ಅದೇ: ನೆಲವನ್ನೇ ತುಂಬಿಕೊಂಡು ಹೋಗುತ್ತವೆ. ಕೆಜಿಎಫ್‌ನಲ್ಲಿ ಕುಟ್ಟುವುದು, ಪಾದರಸದಲ್ಲಿ ಹಿಡಿಯುವುದು, ಸೈನೈಡಿನಲ್ಲಿ ಕರಗಿಸುವುದು ಎಲ್ಲವೂ ಗಣಿಯ ಬಾಯಲ್ಲೇ ನಡೆದದ್ದರಿಂದ ಲಾಭ ಹೊರಗೆ ಹೋಯಿತು, ಹಿಟ್ಟಾದ ಕಲ್ಲು ಇಲ್ಲೇ ಉಳಿಯಿತು. ರೈಲಿನ ಕಿಟಕಿಯಿಂದ ಕಾಣುವ ಬೂದು ಬಣ್ಣದ ಚಪ್ಪಟೆ ತಲೆಯ ಗುಡ್ಡಗಳು ಅದೇ. ಊರಿನವರು ಸೈನೈಡ್ ದಿಬ್ಬ ಎನ್ನುತ್ತಾರೆ. ಮೂರು ಕೋಟಿ ಟನ್ನಿಗೂ ಹೆಚ್ಚು ಇದೆ. ಬೇಸಿಗೆಯಲ್ಲಿ ಗಾಳಿ ಎದ್ದರೆ ಆ ಹುಡಿ ಮನೆಯೊಳಗಿನ ಪಾತ್ರೆಯ ಮೇಲೂ ಕೂರುತ್ತದೆ. ರೈಲು ಒಯ್ಯದೆ ಬಿಟ್ಟದ್ದು ಏನು ಎಂದು ತಿಳಿಯಬೇಕಾದವರು ಆ ದಿಬ್ಬಗಳನ್ನು ನೋಡಬೇಕು.

ನೆಲದ ಕೆಳಗೆ ಇನ್ನೊಂದು ರೈಲ್ವೆಯೇ ಇತ್ತು. ಚಾಂಪಿಯನ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಸುರಂಗಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ಸಾವಿರ ಕಿ.ಮೀ. ಮೀರುತ್ತದೆ. ಅವುಗಳಲ್ಲಿ ಸಣ್ಣ ಹಳಿಗಳು, ಅವುಗಳ ಮೇಲೆ ಅದಿರಿನ ತೊಟ್ಟಿಗಾಡಿಗಳು. ಉರಿಗಾಂನಲ್ಲಿ ನನಗೆ ಪರಿಚಯವಿದ್ದ ನಿವೃತ್ತ ಗಣಿ ಕಾರ್ಮಿಕರೊಬ್ಬರು ಮೇಲಿನ ರೈಲಿಗಿಂತ ಕೆಳಗಿನದರ ಬಗ್ಗೆಯೇ ಹೆಚ್ಚು ಮಾತನಾಡುತ್ತಿದ್ದರು. "ಮೇಲಿನದಕ್ಕೆ ಟಿಕೆಟ್ ಕೊಡಬೇಕು ಸರ್, ಕೆಳಗಿನದಕ್ಕೆ ನಾವೇ ಎಂಜಿನ್ನು" ಎನ್ನುತ್ತಿದ್ದರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ನನ್ನೊಡನೆ ಕನ್ನಡ, ಹಳೆಯ ಮೇಲಧಿಕಾರಿಗಳ ಅಣಕಕ್ಕೆ ಇಂಗ್ಲಿಷು. ಕೆಜಿಎಫ್‌ನವರ ನಾಲಗೆ ಹೀಗೆ ನಾಲ್ಕು ಹಳಿಗಳ ಮೇಲೆ ಸಲೀಸಾಗಿ ಓಡುತ್ತದೆ.

ಬಂಗಾರಪೇಟೆಯ ಇನ್ನೊಂದು ಕವಲಿನ ಬಗ್ಗೆ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. 1913ರಲ್ಲಿ ಇಲ್ಲಿಂದ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ ಹಾಕಿದರು. ಮುಂದೆ ಅದು ಚಿಕ್ಕಬಳ್ಳಾಪುರದ ಮೇಲೆ ಬೆಂಗಳೂರಿನ ಕಡೆಗೂ ಬೆಳೆಯಿತು. ಜಿಲ್ಲಾ ಕೇಂದ್ರಕ್ಕೆ ಆಟಿಕೆಯಂಥ ರೈಲು, ಗಣಿಗೆ ಪೂರ್ಣ ಅಗಲದ ಹಳಿ! ಸಂಸ್ಥಾನದ ಆದ್ಯತೆಗಳನ್ನು ಇದಕ್ಕಿಂತ ಸ್ಪಷ್ಟವಾಗಿ ಬರೆಯಲಾಗದು. ಕೋಲಾರದ ಆ ಮಾರ್ಗ ನಿಂತು, ಕಿತ್ತು, ಬ್ರಾಡ್‌ಗೇಜಾಗಿ ಮತ್ತೆ ಓಡಲು ಎಷ್ಟೋ ವರ್ಷ ಹಿಡಿಯಿತು. ಮಾರಿಕುಪ್ಪಂ ಮಾರ್ಗಕ್ಕೆ ಆ ಕಷ್ಟವಿರಲಿಲ್ಲ. 1894ರಲ್ಲಿ ಬಾಯ್ಲರ್‌ಗಳ ಸಲುವಾಗಿ ಇಟ್ಟ ಅಗಲ ಒಂದಂಗುಲವೂ ಬದಲಾಗದೆ, ಪ್ರತ್ಯೇಕ ಎಂಜಿನ್ ಇಲ್ಲದೆ ವಿದ್ಯುತ್ತಿನಲ್ಲಿ ಓಡುವ ಇಂದಿನ ಮೆಮು ರೈಲಿಗೂ ಸರಿಹೊಂದಿತು. ಗೇಜ್ ಪರಿವರ್ತನೆಯ ಹೆಸರಿನಲ್ಲಿ ವರ್ಷಗಟ್ಟಲೆ ಮುಚ್ಚಿಹೋಗಿ ಪ್ರಯಾಣಿಕರನ್ನು ಬಸ್ಸಿಗೆ ಕಳೆದುಕೊಂಡ ಮಾರ್ಗಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಈ ಮಾರ್ಗ ಬದುಕುಳಿದದ್ದಕ್ಕೆ ಅರ್ಧ ಕಾರಣ ಅದೇ ಎಂದು ನನ್ನ ನಂಬಿಕೆ. (ಬಂಗಾರಪೇಟೆಯಲ್ಲಿ ರೈಲು ಬದಲಿಸುವವರು ಸಮಯವಿದ್ದರೆ ಬಿಳಿ ನೀರಿನ ಪಾನಿಪುರಿ ತಿನ್ನಬಹುದು. ಇತಿಹಾಸಕ್ಕೂ ಅದಕ್ಕೂ ಸಂಬಂಧವಿಲ್ಲ.)

ಗಣಿಗಳು 1956ರಲ್ಲಿ ಮೈಸೂರು ರಾಜ್ಯ ಸರ್ಕಾರದ ವಶಕ್ಕೆ ಬಂದವು, 1962ರಲ್ಲಿ ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದವು. ಆಳ ಹೆಚ್ಚಿದಂತೆ ಖರ್ಚು ಏರಿತು, ಅದಿರಿನ ಸಾರ ಇಳಿಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು.

ಗಣಿಗಾಗಿಯೇ ಹುಟ್ಟಿದ ಹಳಿಗೆ ಅದೇ ಕೊನೆಯ ದಿನವಾಗಬೇಕಿತ್ತು. ಜಗತ್ತಿನ ಎಷ್ಟೋ ಗಣಿ ಮಾರ್ಗಗಳ ಮೇಲೆ ಈಗ ಹುಲ್ಲು ಬೆಳೆದಿದೆ. ಇಲ್ಲಿ ಆದದ್ದು ತಿರುವುಮುರುವು. ಕೆಲಸ ಹೋಯಿತು, ಮನೆ ಉಳಿಯಿತು. ಕಂಪನಿಯ ಸಾಲುಮನೆಗಳನ್ನು ಬಿಟ್ಟು ಹೋಗಲು ಬೇರೆ ಊರೂ ಇರಲಿಲ್ಲ; ಅಜ್ಜ ಬಿಟ್ಟುಬಂದ ಹಳ್ಳಿಯಲ್ಲಿ ಮೊಮ್ಮಗನಿಗೆ ಏನಿರುತ್ತದೆ? ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಇರುವ ಸಂಬಳವೂ ಇಲ್ಲ. ಉಳಿದ ದಾರಿ ಒಂದೇ: ಮಲಗುವುದು ಕೆಜಿಎಫ್‌ನಲ್ಲಿ, ದುಡಿಯುವುದು ಬೆಂಗಳೂರಿನಲ್ಲಿ. ಅವೆರಡರ ನಡುವೆ ಅಗ್ಗವಾಗಿ ಹೊಲಿಗೆ ಹಾಕಬಲ್ಲದ್ದು ರೈಲು ಮಾತ್ರ. ಆ ದಿನಗಳಿಂದ ಮಾರಿಕುಪ್ಪಂ ರೈಲು ಸರಕಿನ ಮಾರ್ಗವೆಂಬ ಹಣೆಪಟ್ಟಿಯನ್ನು ಪೂರ್ತಿಯಾಗಿ ಕಳಚಿಕೊಂಡಿತು.

ಮಾರಿಕುಪ್ಪಂನಿಂದ ಬೆಂಗಳೂರು ಸುಮಾರು 86 ಕಿ.ಮೀ. ಅದರಲ್ಲಿ ಕವಲಿನ ಪಾಲು 16, ಉಳಿದ 70 ಚೆನ್ನೈ ಮುಖ್ಯ ಮಾರ್ಗದ್ದು. ಕವಲಿನಲ್ಲಿರುವುದು ಒಂಟಿ ಹಳಿ. ಒಂಟಿ ಹಳಿಯ ನಿಯಮ ಎಲ್ಲೆಡೆಯೂ ಒಂದೇ: ಎರಡು ನಿಲ್ದಾಣಗಳ ನಡುವೆ ಒಂದು ರೈಲು ಇದ್ದರೆ ಇನ್ನೊಂದಕ್ಕೆ ಪ್ರವೇಶವಿಲ್ಲ. ಹೋದ ರೈಲು ಬರುವ ತನಕ ಅಥವಾ ಎದುರಿನದು ಪಕ್ಕದ ಹಳಿಗೆ ಸರಿಯುವ ತನಕ ಕಾಯಬೇಕು. ಬೆಳಗಿನ ಹೊತ್ತಿನಲ್ಲಿ ರೈಲುಗಳ ಸಂಖ್ಯೆಯನ್ನು ಮನಬಂದಂತೆ ಹೆಚ್ಚಿಸಲಾಗದು ಎಂಬುದಕ್ಕೆ ಇದೂ ಒಂದು ಕಾರಣ. ಹಿಂದೆ ಎಂಜಿನ್ ಎಳೆಯುವ ರೈಲುಗಳಿದ್ದಾಗ ಕೊನೆಯ ನಿಲ್ದಾಣದಲ್ಲಿ ಎಂಜಿನ್ ಕಳಚಿ, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಇನ್ನೊಂದು ತುದಿಗೆ ಕೊಂಡಿ ಹಾಕಬೇಕಿತ್ತು. ಮೆಮು ರೈಲಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ. ಲೋಕೋ ಪೈಲಟ್ ಚೀಲ ಹೆಗಲಿಗೇರಿಸಿ ಪ್ಲಾಟ್‌ಫಾರ್ಮಿನುದ್ದಕ್ಕೂ ನಡೆದು ಇನ್ನೊಂದು ತುದಿ ಹತ್ತಿದರೆ ರೈಲು ತಿರುಗಿದಂತೆಯೇ. ಚಿಕ್ಕ ಚಿಕ್ಕ ಅಂತರದ ನಿಲ್ದಾಣಗಳಿಗೆ ಬೇಗ ವೇಗ ಹಿಡಿದು ಬೇಗ ನಿಲ್ಲುವ ಇಂಥ ಗಾಡಿಯೇ ತಕ್ಕದ್ದು. ಗಣಿ ಕಂಪನಿಗಳ ಅನುಕೂಲಕ್ಕೆ ಹತ್ತಿರ ಹತ್ತಿರ ಇಟ್ಟ ನಿಲ್ದಾಣಗಳು ಉಪನಗರ ರೈಲಿಗೆ ಹೇಳಿ ಮಾಡಿಸಿದಂತಾದವು.

ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ಎದ್ದಿರುತ್ತದೆ. ಮೊದಲ ರೈಲಿಗೆ ಹತ್ತುವವರಲ್ಲಿ ಕಟ್ಟಡ ಕೆಲಸದವರು, ಸಿದ್ಧ ಉಡುಪಿನ ಕಾರ್ಖಾನೆಯ ಹೆಂಗಸರು, ಆಸ್ಪತ್ರೆಯ ಆಯಾಗಳು, ಭದ್ರತಾ ಸಿಬ್ಬಂದಿ, ಅಂಗಡಿಯ ಹುಡುಗರು, ಕಾಲೇಜು ವಿದ್ಯಾರ್ಥಿಗಳು, ಕಂಪ್ಯೂಟರ್ ಕಂಪನಿಯ ಕೊರಳಪಟ್ಟಿ ತೊಟ್ಟವರು ಎಲ್ಲರೂ ಇರುತ್ತಾರೆ. ಸೀಟು ಹಿಡಿಯುವುದು ಒಂದು ಸಾಮೂಹಿಕ ವ್ಯವಸ್ಥೆ. ಮಾರಿಕುಪ್ಪಂನಲ್ಲಿ ಹತ್ತಿದವರು ಉರಿಗಾಂನಲ್ಲಿ ಹತ್ತುವ ಅಕ್ಕನಿಗೆ ಜಾಗ ಇಟ್ಟಿರುತ್ತಾರೆ. ಅಕ್ಕ ಕೋರಮಂಡಲ್‌ನವರ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಹೊಸಬರು ಗೊತ್ತಿಲ್ಲದೆ ಆ ಜಾಗದಲ್ಲಿ ಕೂತರೆ ಯಾರೂ ಜಗಳವಾಡುವುದಿಲ್ಲ, ಎಲ್ಲರೂ ಸುಮ್ಮನೆ ನೋಡುತ್ತಾರೆ. ಅಷ್ಟೇ ಸಾಕು, ಎದ್ದುಬಿಡಬೇಕು ಅನಿಸುತ್ತದೆ. ಬಂಗಾರಪೇಟೆಯಲ್ಲಿ ಹತ್ತುವವರಿಗೆ ಕಂಬಿ ಸಿಕ್ಕರೆ ಪುಣ್ಯ. ಮಾಲೂರಿನಲ್ಲಿ ಹತ್ತುವವರ ಪಾಡು ಹೇಳುವಂತಿಲ್ಲ.

ಹೆಚ್ಚಿನವರ ಕೈಯಲ್ಲಿ ತಿಂಗಳ ಸೀಸನ್ ಟಿಕೆಟ್ ಇರುತ್ತದೆ. ರೈಲ್ವೆಯ ನಿಯಮದಂತೆ 150 ಕಿ.ಮೀ. ಒಳಗಿನ ದೂರಕ್ಕೆ ಅದು ಸಿಗುತ್ತದೆ, ತಿಂಗಳಿಡೀ ಓಡಾಡುವವರಿಗೆ ಬಿಡಿ ಟಿಕೆಟ್ಟಿಗಿಂತ ಬಹಳ ಅಗ್ಗ. ಈ ಒಂದು ಚೀಟಿ ಇಲ್ಲದಿದ್ದರೆ ಕೆಜಿಎಫ್‌ನಲ್ಲಿ ಇದ್ದುಕೊಂಡು ಬೆಂಗಳೂರಿನಲ್ಲಿ ದುಡಿಯುವ ಗಣಿತವೇ ಕೂಡಿಬರುವುದಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ದೇಶದ ಪ್ರಯಾಣಿಕ ರೈಲುಗಳು ನಿಂತಾಗ ಅದು ಎಲ್ಲರಿಗೂ ಅರ್ಥವಾಯಿತು. ಮತ್ತೆ ಶುರುವಾದಾಗ ಮೊದಲು ಬಂದದ್ದು ಕಾಯ್ದಿರಿಸಿದ ಸೀಟುಗಳ ವಿಶೇಷ ರೈಲುಗಳು. ಪ್ಯಾಸೆಂಜರ್ ರೈಲುಗಳೂ ಸೀಸನ್ ಟಿಕೆಟ್ಟೂ ಸಾಲಿನ ಕೊನೆಯಲ್ಲಿ ನಿಂತವು. ಬಂದಾಗಲೂ ಕನಿಷ್ಠ ದರ 10 ರೂಪಾಯಿಯ ಬದಲು ಎಕ್ಸ್‌ಪ್ರೆಸ್ಸಿನ 30 ರೂಪಾಯಿ. 2024ರ ಫೆಬ್ರುವರಿಯಲ್ಲಿ ಮತ್ತೆ 10 ರೂಪಾಯಿಗೆ ಇಳಿಯಿತು. 20 ರೂಪಾಯಿಯ ವ್ಯತ್ಯಾಸವನ್ನು ಸಣ್ಣದೆನ್ನುವವರು ಅದನ್ನು ದಿನಕ್ಕೆರಡು ಬಾರಿ ಕೊಟ್ಟು ನೋಡಲಿ.

ಮುಖ್ಯ ಮಾರ್ಗಕ್ಕೆ ಸೇರಿದ ಮೇಲೆ ನಮ್ಮ ರೈಲಿನ ಅಂತಸ್ತು ಕುಸಿಯುತ್ತದೆ. ಕವಲಿನಲ್ಲಿ ಅದೇ ರಾಜ. ಬಂಗಾರಪೇಟೆ ದಾಟಿದೊಡನೆ ಕೊನೆಯ ಪಂಕ್ತಿಯ ಅತಿಥಿ. ಚೆನ್ನೈ ಕಡೆಯ ಎಕ್ಸ್‌ಪ್ರೆಸ್‌ಗಳು, ಶತಾಬ್ದಿ, 2022ರ ನವೆಂಬರಿನಿಂದ ವಂದೇ ಭಾರತ್, ಹೀಗೆ ಯಾರು ಹಿಂದಿನಿಂದ ಬಂದರೂ ದಾರಿ ಬಿಡಬೇಕು. ಟೇಕಲ್ಲಿನಲ್ಲೋ ಮಾಲೂರಿನಲ್ಲೋ ಪಕ್ಕದ ಹಳಿಗೆ ಸರಿಸಿ ನಿಲ್ಲಿಸುತ್ತಾರೆ. ಒಳಗಿದ್ದವರು "ಕ್ರಾಸಿಂಗ್" ಎಂದು ನಿಟ್ಟುಸಿರಿಡುತ್ತಾರೆ. ಜೋಡಿ ಹಳಿಯ ಮೇಲೆ ಕ್ರಾಸಿಂಗ್ ಎಲ್ಲಿಂದ ಬಂತು, ಇದು ಹಿಂದಿಕ್ಕುವಿಕೆ ಎಂದು ರೈಲ್ವೆಯ ವ್ಯಾಕರಣ ಹೇಳಹೊರಟರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಹತ್ತು ನಿಮಿಷ ಹೋದದ್ದು ನಿಜವಲ್ಲವೇ? ಹವಾನಿಯಂತ್ರಿತ ಬೋಗಿಯಲ್ಲಿ ಹಾದುಹೋದವರಿಗೆ ಉಳಿದ ಆ ಹತ್ತು ನಿಮಿಷ ಕಾರ್ಖಾನೆಯ ಗೇಟಿನಲ್ಲಿ ಒಬ್ಬರ ಅರ್ಧ ದಿನದ ಕೂಲಿಯಾಗಿ ಕಡಿತವಾಗಬಹುದು. ವೇಗದ ರೈಲಿಗೆ ಆದ್ಯತೆ ಕೊಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಬೆಳಗಿನ ಎರಡು ತಾಸು ಮಾತ್ರ ಆ ಪಟ್ಟಿಯನ್ನು ತಲೆಕೆಳಗು ಮಾಡಿದರೆ ಆಕಾಶ ಕಳಚಿ ಬೀಳುವುದಿಲ್ಲ ಎಂದಷ್ಟೇ. ಬೆಂಗಳೂರು ದಂಡು–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಮಾಡುವ ಕೆಲಸ ಮುಗಿದರೆ ನಗರದ ಅಂಚಿನ ಕಾಯುವಿಕೆಯಾದರೂ ತಪ್ಪೀತು.

ವೈಟ್‌ಫೀಲ್ಡ್ ಬಂದಾಗ ರೈಲು ಅರ್ಧ ಖಾಲಿಯಾಗುವುದು ನೋಡುವಂಥದ್ದು. ಗಣಿಯ ಕಾಲದ ಬೆಂಗಳೂರೆಂದರೆ ದಂಡು ಮತ್ತು ಸಿಟಿ ನಿಲ್ದಾಣ. ಈಗ ಕೆಲಸ ಪೂರ್ವದ ಅಂಚಿಗೆ, ಅಂದರೆ ಕೆಜಿಎಫ್ ಕಡೆಗೇ ಸರಿದಿದೆ. 2023ರಲ್ಲಿ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ಬಂದು, ಅದೇ ವರ್ಷದ ಅಕ್ಟೋಬರಿನಲ್ಲಿ ಕೆ.ಆರ್. ಪುರದ ಕೊಂಡಿಯೂ ಕೂಡಿದ ಮೇಲೆ ಮಾರಿಕುಪ್ಪಂನಿಂದ ಹೊರಟವರು ನಗರದ ಮಧ್ಯಕ್ಕೆ ಹಳಿಯ ಮೇಲೆಯೇ ಎರಡು ದಾರಿಗಳಲ್ಲಿ ಹೋಗಬಹುದು. ಆಗಾಗ ಈ ರೈಲಿನಲ್ಲಿ ಜೊತೆಯಾಗುತ್ತಿದ್ದ ಹೆಂಗಸೊಬ್ಬರು ದೊಡ್ಡ ಕಚೇರಿಯೊಂದರಲ್ಲಿ ಸ್ವಚ್ಛತೆಯ ಕೆಲಸ ಮಾಡುತ್ತಿದ್ದರು. ಅವರ ತಂದೆ ಗಣಿಯಲ್ಲಿದ್ದವರು. "ಅಪ್ಪ ಕೆಳಗೆ ಇಳಿಯುತ್ತಿದ್ದರು, ನಾನು ಲಿಫ್ಟಿನಲ್ಲಿ ಮೇಲೆ ಹೋಗುತ್ತೇನೆ. ಇಬ್ಬರಿಗೂ ಬಿಸಿಲು ಕಾಣಿಸುವುದಿಲ್ಲ" ಎಂದು ನಕ್ಕಿದ್ದರು. ಇದಕ್ಕೆ ನಾನು ಏನಾದರೂ ಸೇರಿಸಲು ಹೋದರೆ ಹಾಳು.

2024ರ ಕೊನೆಯಲ್ಲಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ–ಬೇತಮಂಗಲ ಭಾಗ ಸಂಚಾರಕ್ಕೆ ತೆರೆದುಕೊಂಡಾಗ ಇನ್ನು ರೈಲಿಗೆ ಯಾರು ಬರುತ್ತಾರೆ ಎಂದವರಿದ್ದರು. ಕಾರು ಇದ್ದವರು ಬರಲಿಕ್ಕಿಲ್ಲ. ಸೀಸನ್ ಟಿಕೆಟ್ ಹಿಡಿದವರ ಕೈಯಲ್ಲಿ ಕಾರಿನ ಕೀಲಿ ಇಲ್ಲ, ಹೀಗಾಗಿ ಆ ರಸ್ತೆಯಿಂದ ಬೆಳಗಿನ ರೈಲಿನ ನೂಕುನುಗ್ಗಲು ಕಡಿಮೆಯಾದೀತು ಎಂದು ನನಗೆ ಅನಿಸುವುದಿಲ್ಲ.

ನಿಜವಾದ ಬದಲಾವಣೆ ಬರಬೇಕಾದದ್ದು ಇನ್ನೊಂದು ತುದಿಯಿಂದ. ಮಾರಿಕುಪ್ಪಂನಲ್ಲಿ ಹಳಿ 1894ರಿಂದ ಮುಗಿಯುತ್ತಿದೆ. ಅದನ್ನು ಆಂಧ್ರದ ಕುಪ್ಪಂವರೆಗೆ ಬೆಳೆಸಿ ಚೆನ್ನೈ ಮುಖ್ಯ ಮಾರ್ಗಕ್ಕೆ ಮತ್ತೆ ಕೂಡಿಸುವ ಯೋಜನೆ ಮಂಜೂರಾಗಿ ವರ್ಷಗಳಾಗಿವೆ, ಕೆಲಸ ಆಮೆ ನಡಿಗೆಯಲ್ಲಿ ಸಾಗಿದೆ. ಅದು ಮುಗಿದರೆ ಈ ಕವಲು ಒಂದು ಪರ್ಯಾಯ ದಾರಿಯಾಗುತ್ತದೆ. ಬಂಗಾರಪೇಟೆ–ಕುಪ್ಪಂ ನಡುವೆ ಏನಾದರೂ ಅಡಚಣೆಯಾದರೆ ರೈಲುಗಳನ್ನು ಕೆಜಿಎಫ್ ಮೇಲೆ ತಿರುಗಿಸಬಹುದು. ದೂರದ ಎಕ್ಸ್‌ಪ್ರೆಸ್ಸೊಂದು ಉರಿಗಾಂನಲ್ಲಿ ನಿಲ್ಲುವ ಆಸೆಯನ್ನೂ ಇಟ್ಟುಕೊಳ್ಳಬಹುದು. ಊರಿನ ಮುಖಂಡರು ಇದನ್ನು ಅಭಿವೃದ್ಧಿ ಎನ್ನುತ್ತಾರೆ, ನಾನೂ ಒಪ್ಪುತ್ತೇನೆ.

ದಿನಾ ಓಡಾಡುವವರ ಯೋಚನೆ ಬೇರೆಯೇ ಇದೆ. ಕೊನೆಯ ನಿಲ್ದಾಣದವರಿಗೆ ಇರುವ ಒಂದೇ ಭಾಗ್ಯವೆಂದರೆ ಖಾಲಿ ರೈಲು ಹತ್ತುವುದು. ಎರಡು ಗಂಟೆಗೂ ಮೀರಿದ ಪ್ರಯಾಣದಲ್ಲಿ ಕೂರಲು ಜಾಗ ಸಿಕ್ಕರೆ ಒಂದಿಷ್ಟು ನಿದ್ದೆ ಸಿಗುತ್ತದೆ, ಆ ನಿದ್ದೆಯ ಬಲದ ಮೇಲೆ ಇಡೀ ದಿನ ನಡೆಯುತ್ತದೆ. ರೈಲು ಕುಪ್ಪಂನಿಂದ ತುಂಬಿ ಬಂದರೆ ಮಾರಿಕುಪ್ಪಂನವರು ಮಾಲೂರಿನವರಂತೆ ನಿಂತು ಹೋಗಬೇಕು. ಹೊಸ ಮಾರ್ಗದ ಬಗ್ಗೆ ಕೇಳಿದಾಗ ಆ ಸ್ವಚ್ಛತೆ ಕೆಲಸದ ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, "ಬರಲಿ, ಒಳ್ಳೆಯದೇ. ಆದರೆ ಬೆಳಗಿನ ಮೊದಲ ಗಾಡಿ ಮಾತ್ರ ಇಲ್ಲಿಂದಲೇ ಹೊರಡಲಿ ಎಂದು ಅರ್ಜಿ ಕೊಡಬೇಕು" ಎಂದರು. ಅರ್ಜಿ ಬರೆಯಲು ಕನ್ನಡ ಚೆನ್ನಾಗಿ ಬರುವವರು ಬೇಕು, ನೀವು ಬರೆದುಕೊಡುತ್ತೀರಾ ಎಂದೂ ಕೇಳಿದರು. ಹೂಂ ಎಂದಿದ್ದೇನೆ.